ಜತೆಗೇ ಹೋದ ಮಂಚ

ನನ್ನ ಕಂಪ್ಯೂಟರ್ ಪರದೆಗೆ ಬೆರಳು ಹಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೈಲಹೊಂಗಲದ ಬಜಾರದಲ್ಲಿ, ಕಿರಾಣಿ ಅಂಗಡಿಯ ಮಗ್ಗುಲಿನ ಖೋಲಿಯಲ್ಲಿ ಕುಳಿತು ಮನೆಗಳ ನಕ್ಷೆ ತೆಗೆದುಕೊಡುವುದು ನನ್ನ ಕೆಲಸ. ಬರುವವರೆಲ್ಲ ಗುಟ್ಕಾ ತಿಂದ ಕೈಯಿಂದಲೇ ಗೋಡೆ ತೋರಿಸುತ್ತಾರೆ. ಒರೆಸುವಾಗ ವಾಕರಿಕೆ ಬರುತ್ತದೆ.

ಯರಗಟ್ಟಿಯಿಂದ ಬಂದ ಆ ಗಿರಾಕಿಯೂ ಅದೇ ಜಾತಿಯವನು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವನಿದ್ದ. ಜಾಗ ತಾಯಿಯ ಹೆಸರಿನಲ್ಲಿದ್ದುದರಿಂದ ನಕ್ಷೆಯ ಮೇಲೆ ಅವಳ ಹೆಬ್ಬೆಟ್ಟು ಬೇಕಾಗಿತ್ತು, ಅದಕ್ಕೇ ಅವಳನ್ನೂ ಕರೆತಂದಿದ್ದ. ಸೊಂಟ ಮುರಿದುಕೊಂಡು ಈಚೆಗಷ್ಟೇ ಎದ್ದು ಓಡಾಡುತ್ತಿದ್ದ ಮುದುಕಿ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೋಲು ಹಿಡಿದು ಕುಳಿತಳು. ಹಿಂದಿನ ಸಲ ಬಂದಾಗ ಅವಳು ನನ್ನನ್ನು ಕೇಳಿದ್ದು ಒಂದೇ: ತನ್ನ ಖೋಲಿಗೆ ಹತ್ತಿಕೊಂಡೇ ಪಾಯಖಾನೆ ಇರಬೇಕು. ನಾನು ಹಾಗೆಯೇ ಬರೆದಿದ್ದೆ. ಪಾಯಖಾನೆಯ ಗೋಡೆಗೆ ಒತ್ತಿ ಅವಳ ಮಂಚವನ್ನೂ ಹಾಕಿದ್ದೆ.

ಮಗ ಪರದೆಯ ಮೇಲಿನ ಪಾಯಖಾನೆಗೆ ಬೆರಳು ಒತ್ತಿದ. “ಇದನ್ನ ಹಿತ್ತಲದಾಗ ಒಗೀರಿ ಮೇಡಂ. ಮನಿಯೊಳಗ ಹೇಸಿಗಿ ಬ್ಯಾಡ.”

ಹೇಸಿಗೆಯಂತೆ! ಕೆಂಪು ಕಲೆ ಪರದೆಯ ಮೇಲೆ ಹೊಳೆಯುತ್ತಿತ್ತು.

ನಕ್ಷೆಯಲ್ಲಿ ಏನನ್ನೇ ಸರಿಸಬೇಕಾದರೂ ಮೊದಲು ಅದನ್ನು ಆರಿಸಿಕೊಳ್ಳಬೇಕು. ಮೌಸನ್ನು ಎಡದಿಂದ ಬಲಕ್ಕೆ ಎಳೆದರೆ ಚೌಕದೊಳಗೆ ಪೂರ್ತಿ ಬಂದದ್ದಷ್ಟೇ ಸಿಗುತ್ತದೆ. ಬಲದಿಂದ ಎಡಕ್ಕೆ ಎಳೆದರೆ ಅಂಚು ತಾಗಿದ್ದೂ ಸಿಕ್ಕಿಬೀಳುತ್ತದೆ. ಇವನ ಬಾಯಿಯ ವಾಸನೆಯಿಂದ ತಪ್ಪಿಸಿಕೊಳ್ಳಲು ಮುಖ ತಿರುಗಿಸಿ, ಬಲದಿಂದ ಎಡಕ್ಕೆ ಎಳೆದುಬಿಟ್ಟೆ. ಪಾಯಖಾನೆಯನ್ನು ಹಿತ್ತಲಿಗೆ ಒಯ್ದಾಗ ಮುದುಕಿಯ ಮಂಚವೂ ಜತೆಗೇ ಹೋಯಿತು.

“ಅಯ್ಯ, ತಪ್ಪಾತು. ತಡೀರಿ,” ಎಂದೆ.

“ತಪ್ಪೇನಿಲ್ಲ ಬಿಡ್ರಿ,” ಎಂದ ಅವನು, ಬಗ್ಗಿ ನೋಡುತ್ತ. “ಮಂಚಾನೂ ಅಲ್ಲೇ ಇರ್ಲಿ. ಮ್ಯಾಲ ನಾಕ ತಗಡ ಹಾಕಿದ್ರ ಆತು. ಆ ಖೋಲಿ ತಗದ್ರ ಹಾಲ್ ದೊಡ್ಡದಾಕ್ಕೈತಿ.”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ಹಾಲ್‌ನ ಅಳತೆ ಕೇಳತೊಡಗಿದ. ಹೆತ್ತವಳು ಮೂರು ಮೊಳ ದೂರದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ಹಂಗ ಮಾಡವಾ ತಂಗಿ,” ಎಂದಳು ಅವಳು. “ನನಗೂ ಹತ್ತರ ಆಕ್ಕೈತಿ. ಯಾರನ್ನೂ ಕರಿಯೂದ ಬ್ಯಾಡ.”

ನಾನು ಗುಂಡಿ ಒತ್ತಿ ಎಲ್ಲವನ್ನೂ ಮೊದಲಿನಂತೆ ಮಾಡಿದೆ. ಮಂಚ ಖೋಲಿಯೊಳಗೆ ಬಂತು.

“ಅಕಿನ ಹೂಂ ಅಂದಾಳ, ನಿಮಗೇನ್ರಿ ತ್ರಾಸ?” ಎಂದು ಅವನು ಏರುದನಿಯಲ್ಲಿ ಕೇಳಿದ.

“ನನ್ನ ಕೈಲೆ ಆಗೂದಿಲ್ರಿ. ಬ್ಯಾರೆ ಕಡೆ ತಗಸ್ರಿ,” ಎಂದೆ. ಹೆಬ್ಬೆಟ್ಟಿಗೆಂದು ತೆಗೆದಿಟ್ಟಿದ್ದ ಶಾಯಿಯ ಡಬ್ಬಿಯನ್ನು ಡ್ರಾವರಿಗೆ ಹಾಕಿ ಮುಚ್ಚಿದೆ.

ಅವನು ಬೈಯುತ್ತ ಹೊರಗೆ ಹೋದ. ನಕ್ಷೆ ತೆಗೆಯುವ ಇನ್ನೊಬ್ಬರು ಎದುರಿನ ಸಾಲಿನಲ್ಲೇ ಇದ್ದಾರೆ. ಅವರಲ್ಲೂ ಶಾಯಿ ಇದೆ. ಮುದುಕಿ ಕೋಲೂರಿ ಎದ್ದು, ಸೆರಗಿನಿಂದ ಹೆಬ್ಬೆರಳನ್ನು ಚೊಕ್ಕಟ ಮಾಡಿಕೊಳ್ಳುತ್ತ ಅವನ ಹಿಂದೆ ರಸ್ತೆ ದಾಟಿದಳು.