ಎರಡು ಸಲ ಟಕ್ ಅನ್ನಬೇಕಿತ್ತು

ನನ್ನ ಮಗಳು ಏಳು ತಿಂಗಳ ಕೂಸಾಗಿದ್ದಾಗ ತೊಟ್ಟಿಲಿನಿಂದ ಬಿದ್ದದ್ದು ನನ್ನ ತಪ್ಪಿನಿಂದ. ಅದನ್ನು ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ — ಆ ತಪ್ಪನ್ನು ನನ್ನ ವಾರಗಿತ್ತಿ ವನಜಕ್ಕನ ತಲೆಗೆ ಕಟ್ಟಿದೆ. ಅದೂ ಒಂದೇ ಒಂದು ಸುಳ್ಳು ಹೇಳದೆ. ನಾನು ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಆರು ವರ್ಷ ಆ ಸಮಾಧಾನವನ್ನೇ ಹಿಡಿದುಕೊಂಡು ಓಡಾಡಿದ್ದೇನೆ — ನಾನೇನು ಸುಳ್ಳು ಹೇಳಿದೆನೇ ಎಂದು.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಬಂದೆ. ಒಮ್ಮೆ ಗ್ಯಾಸ್ ಆಫ್ ಆಗಿದೆಯೇ ನೋಡಲು, ಇನ್ನೊಮ್ಮೆ ಬಾಲ್ಕನಿ ಬಾಗಿಲಿನ ಚಿಲಕ ನೋಡಲು. ಮನೆಯವರೆಲ್ಲ ಇದನ್ನು ನನ್ನ ಶಿಸ್ತು ಅಂದುಕೊಂಡಿದ್ದಾರೆ. ಶಿಸ್ತೂ ಇಲ್ಲ, ಮಣ್ಣೂ ಇಲ್ಲ.

ನಮ್ಮದು ಕುಮಾರಸ್ವಾಮಿ ಲೇಔಟಿನಲ್ಲಿ ಎರಡಂತಸ್ತಿನ ಮನೆ. ಆಗ ಕೆಳಗೆ ಅತ್ತೆ, ನಾನು, ನನ್ನ ಗಂಡ. ಮೇಲೆ ಭಾವ ಮತ್ತು ವನಜಕ್ಕ. ವನಜಕ್ಕ ಬ್ಲೌಸ್ ಹೊಲಿಯುತ್ತಿದ್ದರು. ಅವರ ಮಿಷನ್ನಿನ ಸದ್ದು ನಿಂತಿತೆಂದರೆ ಇನ್ನೇನು ಕೆಳಗಿಳಿದು ಬರುತ್ತಾರೆ ಎಂದರ್ಥ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಸ್ಪತ್ರೆಗಳಿಗೆ ಅಲೆದು, ಹರಕೆ ಹೊತ್ತು, ಕೊನೆಗೆ ಆ ಮಾತೆತ್ತುವುದನ್ನೇ ಬಿಟ್ಟಿದ್ದರು. ನಾನು ಬಸುರಿಯಾದಾಗ ನನಗಿಂತ ಹೆಚ್ಚು ಕುಣಿದಾಡಿದವರು ಅವರೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗ್ರಹಣದ ದಿನ ಮಕ್ಕಳಿಗೆಲ್ಲ ಬಿಸ್ಕತ್ತು ಹಂಚಿ, ಅವರೆದುರು ನಾನೂ ತಿಂದು ತೋರಿಸಿದವಳು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ಬರುವುದನ್ನು ಓದುವಾಗ ಇದು ನೆನಪಿರಲಿ ಎಂದು ಹೇಳುತ್ತಿದ್ದೇನೆ.

ಎಂಟನೇ ತಿಂಗಳಲ್ಲಿ ತೊಟ್ಟಿಲು ನೋಡಲು ಹೊರಟೆವು. ಹೆರಿಗೆಗೆ ಮೊದಲು ತೊಟ್ಟಿಲು ಮನೆಗೆ ಬರಬಾರದು ಎಂದರು ಅತ್ತೆ. ನೋಡಿಟ್ಟು ಬರೋದಕ್ಕೇನಂತೆ ಎಂದು ವನಜಕ್ಕ ನನ್ನನ್ನು ಆಟೋ ಹತ್ತಿಸಿ ಜಯನಗರಕ್ಕೆ ಕರೆದುಕೊಂಡು ಹೋದರು. ನಾನು ಮೊಬೈಲಿನಲ್ಲಿ ಎಷ್ಟೋ ವಿಡಿಯೊ ನೋಡಿ ಪಂಡಿತೆಯಾಗಿದ್ದೆ. ಕಂಬಿಗಳ ನಡುವೆ ಮಗುವಿನ ತಲೆ ತೂರಬಾರದು, ಹಾಸಿಗೆಗೂ ಅಂಚಿಗೂ ನಡುವೆ ಸಂದು ಇರಬಾರದು — ಬ್ಯಾಗಿನಿಂದ ಸ್ಕೂಲಿನ ಸ್ಕೇಲ್ ತೆಗೆದು ಅಳೆಯತೊಡಗಿದೆ. ವನಜಕ್ಕ ನಕ್ಕರು. "ಸ್ಕೇಲ್ ಇಟ್ಕೊಂಡು ಮಗು ಸಾಕ್ತೀಯೇನೇ?" ಅಂದರು. ಆಮೇಲೆ ನೆಲದ ಮೇಲೆ ಕೂತು, ತಮ್ಮ ಸೆರಗಿನ ಅಂಚನ್ನು ಒಂದೊಂದು ಕಂಬಿಯ ಮೇಲೂ ಎಳೆಯುತ್ತ ಹೋದರು. ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಇದೆ ಎಂದು ಅರ್ಥ. ಎರಡು ತೊಟ್ಟಿಲು ಹಾಗೆಯೇ ಬೇಡವಾದವು. ಯಾವ ವಿಡಿಯೊದಲ್ಲೂ ಇದನ್ನು ನಾನು ನೋಡಿರಲಿಲ್ಲ.

ಮೂರನೆಯದು ಗಾಲಿಯಿದ್ದ ಮರದ ತೊಟ್ಟಿಲು. ಕೊಂಡಿ ಹಾಕಿದರೆ ಮಂಚದ ಹಾಗೆ ನಿಲ್ಲುತ್ತದೆ, ತೆಗೆದರೆ ತೂಗಬಹುದು. ಒಂದು ಪಕ್ಕದ ಕಂಬಿಸಾಲು ಪೂರ್ತಿ ಕೆಳಗಿಳಿಯುತ್ತದೆ — ಬಗ್ಗದೆ ಮಗುವನ್ನು ಎತ್ತಿಕೊಳ್ಳಲು ಅನುಕೂಲ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಚಿಲಕ. ವನಜಕ್ಕ ಆ ಕಂಬಿಸಾಲನ್ನು ಏರಿಸಿ ಇಳಿಸಿ, ಏರಿಸಿ ಇಳಿಸಿ ನೋಡುತ್ತಲೇ ಇದ್ದರು. ಅಂಗಡಿಯವನಿಗೆ ತಲೆಕೆಟ್ಟಿತು. "ಮೇಡಂ, ಮುರಿದೋಗುತ್ತೆ."

"ಮುರಿಯೋದಾದ್ರೆ ಇಲ್ಲೇ ಮುರೀಲಿ ಬಿಡಣ್ಣ" ಅಂದರು ವನಜಕ್ಕ. ಆಮೇಲೆ ನನ್ನ ಕೈ ಹಿಡಿದು ಕಂಬಿಯ ಮೇಲಿಟ್ಟರು. "ಇಲ್ನೋಡು ಸುಮಾ, ಎರಡು ಸಲ ಟಕ್ ಅನ್ಬೇಕು. ಒಂದೇ ಸಲ ಅಂತು ಅಂದ್ರೆ ಒಂದು ಕಡೆ ಬಿದ್ದಿಲ್ಲ ಅಂತ."

ಸಿರಿ ಹುಟ್ಟಿದಳು, ತೊಟ್ಟಿಲು ಬಂತು. ಬೆಳಿಗ್ಗೆ ಅವಳಿಗೆ ನೀರು ಹಾಕಿ ಮಲಗಿಸುವವರೆಗೂ ವನಜಕ್ಕನ ಮಿಷನ್ ಶುರುವಾಗುತ್ತಿರಲಿಲ್ಲ. ಆರು ತಿಂಗಳು ತುಂಬಿ ಅವಳು ಎದ್ದು ಕೂರಲು ಶುರುಮಾಡಿದಾಗ, "ಹಾಸಿಗೆ ಹಲಗೆನ ಕೆಳಗಿನ ತೂತಿಗೆ ಇಳಿಸಿಬಿಡೋಣ ಕಣೇ" ಅಂದರು. ಆಗಲಿ ಎಂದೆ. ಸಿಸೇರಿಯನ್ ಆದ ಮೇಲೆ ಬಗ್ಗಿದರೆ ನನಗೆ ಸೊಂಟ ಹಿಡಿಯುತ್ತಿತ್ತು. ನಾಳೆ, ನಾಡಿದ್ದು ಎಂದು ಮುಂದೂಡಿದೆ.

ಆ ದಿನ ಬೆಳಿಗ್ಗೆ ಒಗೆದ ಶೀಟು ತಂದು ಖಾಲಿ ತೊಟ್ಟಿಲಿಗೆ ಹಾಸಿದವರು ವನಜಕ್ಕ. ಮೂಲೆಗಳನ್ನು ಒಳಕ್ಕೆ ಸಿಕ್ಕಿಸುವಾಗ ತೊಟ್ಟಿಲು ಒಂದೆರಡು ಸಲ ಅತ್ತಿತ್ತ ಅಲುಗಿತು. ನೋಡಿದವಳು ನಾನೊಬ್ಬಳೇ. ಆಗ ನನಗೆ ಅದೇನೂ ಅನ್ನಿಸಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಸಿರಿಯನ್ನು ಮಲಗಿಸಿ ಕಂಬಿ ಏರಿಸಿದೆ. ಟಕ್ ಎಂದಿತು. ಒಂದು ಸಲ. ಫೋನ್ ಹೊಡೆದುಕೊಳ್ಳುತ್ತಿತ್ತು — ಸ್ಕೂಲಿನ ಗೆಳತಿ. ಮರೆತೆ ಎಂದು ಬರೆದರೆ ಓದುವ ನೀವು ನಂಬುತ್ತೀರಿ, ಆದರೆ ಮರೆತಿರಲಿಲ್ಲ. ಒಂದೇ ಟಕ್ ಕೇಳಿಸಿದ್ದು ನನಗೆ ಗೊತ್ತಿತ್ತು. ಈಗ ಬಂದೆನಲ್ಲ, ಆಮೇಲೆ ಸರಿಯಾಗಿ ಹಾಕಿದರಾಯಿತು ಎಂದುಕೊಂಡು ಗೇಟಿನ ಹತ್ತಿರ ಹೋಗಿ ನಿಂತೆ. ಇಪ್ಪತ್ತು ನಿಮಿಷ ಮಾತಾಡಿದೆ. ಯಾರಿಗೆ ಯಾವ ಕ್ಲಾಸು ಕೊಟ್ಟರು, ಯಾರು ಯಾರ ಮೇಲೆ ಮುನಿಸಿಕೊಂಡರು — ಅದೇ ಮಾತು.

ಚೀರಿದ್ದು ಕೇಳಿ ನಾನು ಒಳಗೆ ಓಡುವಷ್ಟರಲ್ಲಿ ವನಜಕ್ಕ ಮೆಟ್ಟಿಲಿಳಿದು ಬಂದು ಮಗುವನ್ನು ಎದೆಗವಚಿಕೊಂಡು ಹೊರಗೇ ಬರುತ್ತಿದ್ದರು. "ಆಟೋ ಕರಿ, ಕೈ ಅಲ್ಲಾಡಿಸ್ತಿಲ್ಲ ಇವ್ಳು" ಅಂದರು. ಅವರೇ ರಸ್ತೆಗೆ ಓಡಿ ಆಟೋ ನಿಲ್ಲಿಸಿದರು. ನಾನು ಆಸ್ಪತ್ರೆಯ ಫೈಲು ತರಲೆಂದು ರೂಮಿಗೆ ಹೋದೆ. ಕಂಬಿಸಾಲು ಒಂದು ಕಡೆ ಕುಸಿದು ಓರೆಯಾಗಿ ನೇತಾಡುತ್ತಿತ್ತು. ಮಗುವನ್ನು ಬಾಚಿಕೊಂಡು ಓಡಿದ ವನಜಕ್ಕ ಅದನ್ನು ಗಮನಿಸಿರಲಿಲ್ಲ.

ಅದನ್ನು ಮೇಲಕ್ಕೆತ್ತಿ ಹಾಕಿದೆ. ಎರಡು ಸಲ ಟಕ್ ಎಂದಿತು.

ಮಗು ಹೊರಗೆ ಚೀರುತ್ತಿರುವಾಗ ನನ್ನ ಕೈ ಈ ಕೆಲಸ ಮಾಡಿತು. ಯೋಚನೆ ಮಾಡಿ ಮಾಡಿದೆನೋ, ಯೋಚನೆ ಮಾಡದೆ ಮಾಡಿದೆನೋ — ಎಷ್ಟು ಕೆದಕಿದರೂ ಉತ್ತರ ಸಿಗುವುದಿಲ್ಲ. ಸಿಕ್ಕರೂ ಏನು ಬಂತು.

ಆಸ್ಪತ್ರೆಯವರೆಗೂ ಸಿರಿ ವನಜಕ್ಕನ ತೊಡೆಯ ಮೇಲೇ ಇದ್ದಳು. ಭುಜದ ಮುಂದಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿದೆ, ಎಳೆಯ ಮೂಳೆ, ಬೇಗ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ವನಜಕ್ಕ ಔಷಧಿ ತರಲು ಹೋದರು. ದೇವಸ್ಥಾನಕ್ಕೆ ಹೋಗಿದ್ದ ಅತ್ತೆ ಅಲ್ಲಿಂದ ನೇರವಾಗಿ ಬಂದರು, ಕೈಯಲ್ಲಿ ಕುಂಕುಮದ ಪೊಟ್ಟಣ ಹಾಗೇ ಇತ್ತು. ಸುದ್ದಿ ಕೇಳಿ ಕೆಲಸದಿಂದ ಮನೆಗೆ ಓಡಿಬಂದಿದ್ದ ನನ್ನ ಗಂಡ ಅಲ್ಲಿಂದ ಫೋನ್ ಮಾಡಿದ — ಕಂಬಿ ಸರಿಯಾಗೇ ಹಾಕಿದೆಯಲ್ಲ, ಹೇಗೆ ಬಿದ್ದಳು ಎಂದು. ಅದನ್ನು ಕೇಳಿಸಿಕೊಂಡ ಅತ್ತೆಗೆ ದಿಗಿಲಾಯಿತು. ಅವರಿಗೊಂದು ನಂಬಿಕೆ: ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಕೇಡು.

"ಅಷ್ಟೆತ್ತರ ಕಂಬಿ ದಾಟಿ ಹೆಂಗೇ ಬೀಳುತ್ತೆ ಕೂಸು? ಇವತ್ತು ಯಾರಾದ್ರೂ ಖಾಲಿ ತೊಟ್ಟಿಲು ತೂಗಿದ್ರಾ?"

ನಾನು ಹೇಳಿದೆ — "ಬೆಳಿಗ್ಗೆ ವನಜಕ್ಕ ಶೀಟ್ ಹಾಸುವಾಗ ಅಲುಗ್ತಿತ್ತು ಅತ್ತೆ."

ಇಷ್ಟೇ. ಇದರಲ್ಲಿ ಸುಳ್ಳು ಎಲ್ಲಿದೆ? ಗ್ರಹಣದ ದಿನ ಬಿಸ್ಕತ್ತು ತಿನ್ನುವವಳು, ನಾನು ಒಂದು ಕ್ಷಣವೂ ನಂಬದ ಮಾತನ್ನು ನಂಬುವವರ ಕೈಗೆ ಕೊಟ್ಟು ಸುಮ್ಮನಾದೆ. ಅತ್ತೆ ಕುಂಕುಮದ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅತ್ತೆ ಕೆಟ್ಟವರಲ್ಲ. ವನಜಕ್ಕನಿಗೆ ಒಂದು ಕಟು ಮಾತನ್ನೂ ಆಡಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು, ಅಷ್ಟೇ. ಮರುದಿನ ವನಜಕ್ಕ ಬಂದು ಕೈಚಾಚಿದಾಗ "ಈಗ ತಾನೇ ಮಲಗ್ತು, ಎತ್ಬೇಡ" ಅಂದರು. ಸಿರಿ ಕಣ್ಣರಳಿಸಿಕೊಂಡು ಅವರನ್ನೇ ನೋಡುತ್ತಿದ್ದಳು. ಅದರ ಮರುದಿನವೂ ಹಾಗೇ ಆಯಿತು. ನಾಲ್ಕನೆಯ ದಿನ ವನಜಕ್ಕ ಹೊಸ್ತಿಲ ಆಚೆಯೇ ನಿಂತು ಮಗುವನ್ನು ನೋಡಿಕೊಂಡು ಹೋದರು. ಆಮೇಲೆ ಅದೂ ನಿಂತಿತು. ಬೆಳಿಗ್ಗೆ ಏಳಕ್ಕೇ ಮೇಲೆ ಮಿಷನ್ನಿನ ಸದ್ದು ಶುರುವಾಗುತ್ತಿತ್ತು.

ಅತ್ತೆ ಭಾವನ ಹತ್ತಿರ ಆಡಿದ ಮಾತು ವನಜಕ್ಕನ ಕಿವಿಗೂ ಬಿದ್ದಿತ್ತು. ಒಂದು ದಿನ ಟೆರೇಸಿನ ಮೇಲೆ ಬಟ್ಟೆ ಒಣಹಾಕುವಾಗ ನನ್ನನ್ನು ತಡೆದು ಕೇಳಿದರು. "ಸುಮಾ, ನಿಜ ಹೇಳು. ಅವತ್ತು ನನ್ನ ಕೈಯಿಂದ ತೊಟ್ಟಿಲು ಅಲುಗ್ತಾ? ನಂಗೆ ಗೊತ್ತೇ ಆಗ್ಲಿಲ್ಲ ಕಣೇ."

ದೇವರು ತಟ್ಟೆಯಲ್ಲಿಟ್ಟು ಕೊಟ್ಟ ಅವಕಾಶ ಅದು. ಬಕೆಟ್ಟಿನಿಂದ ಇನ್ನೊಂದು ಲಂಗೋಟಿ ಹಿಂಡಿ ಕೊಡವಿದೆ. "ಬಿಡಿ ಅಕ್ಕ, ಆಗಿದ್ದು ಆಯ್ತು" ಅಂದೆ.

ಬಿಡಿ ಅಂದರೆ ಹೌದು ಎಂದೇ ತಾನೆ. ದೊಡ್ಡ ಮನಸ್ಸಿನಿಂದ ಕ್ಷಮಿಸಿದವಳ ಹಾಗೆ ನಿಂತಿದ್ದೆ ನಾನು. ಅವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು — ಕೈ ಹಿಡಿದುಕೊಂಡರು! ಆ ಕೈಯನ್ನು ನೆನೆಸಿಕೊಂಡರೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ವರ್ಷ ತುಂಬುವುದರೊಳಗೆ ಅವರು ಗಿರಿನಗರಕ್ಕೆ ಮನೆ ಬದಲಿಸಿದರು. ಭಾವನ ಅಂಗಡಿಗೆ ಹತ್ತಿರ ಎಂದು ಕಾರಣ. ಸಿರಿಯ ಹುಟ್ಟುಹಬ್ಬಗಳಿಗೆ ಬಂದರು, ಪ್ರತಿ ಸಲವೂ ತಾವೇ ಹೊಲಿದ ಫ್ರಾಕು ತಂದರು. ಅಳತೆ ತೆಗೆದುಕೊಳ್ಳದೆ ಕಣ್ಣಂದಾಜಿನಲ್ಲಿ ಹೊಲಿದದ್ದು. ಒಂದೊಂದು ಸಲ ತೋಳು ಬಿಗಿಯಾಗುತ್ತಿತ್ತು. ಎಷ್ಟೋ ಸಲ ಹೇಳಿಬಿಡೋಣ ಎಂದುಕೊಂಡೆ, ಆದರೆ — ಈ 'ಆದರೆ'ಯ ಮುಂದೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ಹೋದ ವಾರ ನನ್ನ ನಾದಿನಿ ಶ್ವೇತಾ ಬಂದಿದ್ದಳು. ಅವಳಿಗೀಗ ಎಂಟು ತಿಂಗಳು. ತೊಟ್ಟಿಲು ಆರಿಸಬೇಕು, ಏನೇನು ನೋಡಬೇಕು ಹೇಳಿ ಎಂದು ನನ್ನನ್ನು ಕೇಳಿದಳು. ಸೆರಗಿನ ಅಂಚು ಎಳೆದು ನೋಡು ಎಂದೆ. ಎಷ್ಟು ಚೆನ್ನಾಗಿ ಗೊತ್ತು ನಿಮಗೆ ಎಂದಳು. ನನಗಲ್ಲ, ವನಜಕ್ಕನಿಗೆ — ಎನ್ನುವಷ್ಟು ಮಾತ್ರ ಬಾಯಿಂದ ಹೊರಟಿತು. ಅವಳು ತಕ್ಷಣ ವನಜಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಅತ್ತಿಗೆ, ನೀವೇ ಬಂದು ಒಂದು ತೊಟ್ಟಿಲು ನೋಡ್ಕೊಡಿ."

ಆ ಕಡೆ ಮಿಷನ್ನಿನ ಸದ್ದು ನಿಂತಿತು. ಆಮೇಲೆ ವನಜಕ್ಕನ ದನಿ — "ನಾನು ಬೇಡ ಕಣೇ. ನಿನ್ ಮಗು ನೂರ್ಕಾಲ ಚೆನ್ನಾಗಿರ್ಲಿ. ನನ್ ಕೈ ತೊಟ್ಟಿಲಿಗೆ ಆಗ್ಬರಲ್ಲ."

"ಪಾಪ, ಅವಳಿಗೇ ಗೊತ್ತು" ಅಂದರು ಅತ್ತೆ ಮೆಲ್ಲಗೆ.

ಆರು ವರ್ಷ ಇದು ಅತ್ತೆಯ ನಂಬಿಕೆ, ವನಜಕ್ಕನದು ಬರೀ ಬೇಸರ ಎಂದುಕೊಂಡಿದ್ದೆ. ಇಲ್ಲ, ಅವರೂ ನಂಬಿದ್ದರು. ತಮ್ಮ ಕೈಯೇ ಸರಿಯಿಲ್ಲ ಎಂದು ನಂಬಿಕೊಂಡು ಬದುಕುತ್ತಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಒಂದು ಟಕ್, ಫೋನು, ಆಮೇಲೆ ನಾನು ಏರಿಸಿದ ಕಂಬಿ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನನ್ನು ನೋಡಲಿಲ್ಲ. "ಆರು ವರ್ಷ ಈ ಪಾಪಾನ ನನ್ ಕೈಲಿ ಮಾಡಿಸಿದ್ಯಲ್ಲೇ" ಅಂದರು. ಎದ್ದು ಒಳಗೆ ಹೋದರು. ಸಂಜೆ ನನ್ನ ಗಂಡನಿಗೂ ಹೇಳಿದೆ.

ಅದರ ಮರುದಿನ ಗಿರಿನಗರಕ್ಕೆ ಹೋದೆ. ವನಜಕ್ಕ ಮಿಷನ್ ಮುಂದೆ ಇದ್ದರು. "ಬಾ ಬಾ, ಸಿರಿನ ಕರ್ಕೊಂಡ್ಬರ್ಲಿಲ್ವಾ?" ಅಂದರು. ಕೂತರೆ ಹೇಳಲಾರೆ ಎನಿಸಿ ನಿಂತೇ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಆಸ್ಪತ್ರೆಯಲ್ಲಿ ಅತ್ತೆಗೆ ಹೇಳಿದ ಮಾತು, ಟೆರೇಸಿನಲ್ಲಿ ಆಡಿದ ಮಾತು, ಎಲ್ಲವನ್ನೂ. ಸೊಂಟ ನೋವಿನ ವಿಷಯ ಮಾತ್ರ ಹೇಳಲಿಲ್ಲ, ಅದು ನೆಪವಾಗುತ್ತಿತ್ತು. ಕ್ಷಮಿಸಿ ಎಂದೂ ಕೇಳಲಿಲ್ಲ. ಕೇಳಿದ್ದರೆ ಅವರು ಕ್ಷಮಿಸಿಯೇಬಿಡುತ್ತಿದ್ದರು, ಅವರು ಅಂಥವರೇ.

ಬೈಯಲಿಲ್ಲ, ಅಳಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹೊರಗೆಳೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಒಂದೇ ಒಂದು ಪ್ರಶ್ನೆ ಕೇಳಿದರು. ಕೇಳಿ ಐದು ದಿನವಾಯಿತು. ಅವರ ಫೋನ್ ಬಂದಿಲ್ಲ, ಬರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿಲ್ಲ. ಆ ಪ್ರಶ್ನೆ ಮಾತ್ರ ಅಡುಗೆಮನೆಯಲ್ಲೂ ಕ್ಲಾಸಿನಲ್ಲೂ ನನ್ನ ಹಿಂದೆಯೇ ಬರುತ್ತಿದೆ.

"ಹಂಗಾದ್ರೆ ನಾನು ಅವಳನ್ನ ಎತ್ಕೋಬಹುದಾಗಿತ್ತಾ?"

ಹೌದು ಅಕ್ಕ, ಎಂದೆ.

ಸಿರಿಗೆ ಈಗ ಆರು ತುಂಬಿ ಏಳು ನಡೆಯುತ್ತಿದೆ. ಯಾರಾದರೂ ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡು ಓಡಿಹೋಗುತ್ತಾಳೆ.