ಕಡಲು ನೆನೆಸಿಕೊಳ್ಳಿ ಎಂದೆ

ಗೇಟಿನಲ್ಲೇ ವಾಪಸ್ ಕಳಿಸಬಹುದು, ಕೈದಿಗಳು ನಗಬಹುದು, ಒಬ್ಬ ಹೊಡೆಯಲೂಬಹುದು, ನನಗೇ ಕೆಮ್ಮು ಹತ್ತಬಹುದು, ಮರೆತು ನನ್ನನ್ನೂ ಒಳಗಿಟ್ಟು ಬೀಗ ಹಾಕಬಹುದು. ಜೈಲಿನಲ್ಲಿ ಧ್ಯಾನ ಹೇಳಿಕೊಡಲು ಕುಮಟಾದಿಂದ ಹೊರಟವನು ಬಸ್ಸಿನಲ್ಲಿ ಕೂತು ಇಷ್ಟೆಲ್ಲ ಯೋಚಿಸಿದ್ದೆ. ಒಂದೂ ಆಗಲಿಲ್ಲ.

ಎಲ್ಲರೂ ಕಣ್ಣು ಮುಚ್ಚಿ ಕೂತರು. "ಕಡಲ ತೆರೆ ನೆನೆಸಿಕೊಳ್ಳಿ. ಉಸಿರೂ ಹಾಗೇ ಬರಲಿ, ಹೋಗಲಿ" ಎಂದೆ. ಮುಂದೆ ಕೂತಿದ್ದ ತೆಂಗಿನಗುಂಡಿಯ ಮೀನುಗಾರನ ಮುಖ ಎಷ್ಟು ಶಾಂತವಾಗಿತ್ತೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಅವನು ಫಕ್ಕನೆ ಕಣ್ಣು ಬಿಟ್ಟ.

"ಹೊರಗೆ ಗಾಳಿ ಜೋರಿತ್ತಾ ಮಾಸ್ತರೆ? ತಮ್ಮ ಒಬ್ನೇ ದೋಣಿ ತಕಂಡು ಹೋಗ್ತ. ಇಲ್ಲಿ ಬಂದ್ಮೇಲೆ ಕಡಲು ನೆನೆಸ್ಕಳ್ದೆ ಇರೂದು ಹೆಂಗೋ ಕಲ್ತಿದ್ದೆ. ಈಗ ಎಂತ ಮಾಡೂದು?"

ನನ್ನದೇ ಚಿಂತೆಯಲ್ಲಿ ಬಂದವನು ಗಾಳಿಯನ್ನೆಲ್ಲಿ ನೋಡಿದ್ದೆ? "ಉಸಿರಿನ ಮೇಲೆ ಗಮನ ಇಡು" ಎಂದೆ. ಪಾಪ, ಇಟ್ಟ. ಹುಬ್ಬಿನ ಗಂಟು ಮಾತ್ರ ಸಡಿಲಾಗಲಿಲ್ಲ.

ಸಂಜೆ ತೆಂಗಿನಗುಂಡಿಗೆ ಹೋಗಿ ವಿಚಾರಿಸಿದೆ. ತಮ್ಮ ಆರಾಮಾಗಿ ದಡದಲ್ಲಿ ಬಲೆ ಕೊಡವುತ್ತಿದ್ದ. ಅಲ್ಲಿಂದಲೇ ಜೈಲಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಈ ಧ್ಯಾನದಿಂದ ನೆಮ್ಮದಿಯಾದದ್ದು ಯಾರಿಗೆ ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ತಮ್ಮ ದಡ ಸೇರಿದ್ದು ನನಗೆ ಗೊತ್ತು. ಅಣ್ಣನಿಗೆ ಗೊತ್ತಾಗುವುದು ಮುಂದಿನ ವಾರದ ಕ್ಲಾಸಿಗೆ.