ಗ್ರಾದಿಮಿರನ ಅಕಾರ್ಡಿಯನ್ನಿಗೆ ಎರಡು ಚಕ್ರ

ನಮ್ಮ ಬನಾತ್ ಸೀಮೆಯಲ್ಲಿ ಪ್ರತಿ ಮನೆಯ ಕೊಟ್ಟಿಗೆಯಲ್ಲೂ ಒಂದು ಹಳೆಯ ಮಡಚುವ ಸೈಕಲ್ ಇರುತ್ತದೆ. ಅಪ್ಪಂದಿರ ಕಾಲದಲ್ಲಿ ಕೊಂಡದ್ದು. ನಡುವೆ ಒಂದು ಕೀಲು, ಕೀಲಿಗೊಂದು ಹಿಡಿ. ಅದನ್ನು ಮಡಚಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಬೇಕಾದರೆ ಮಡಚಬಹುದು ಎಂಬ ಸಮಾಧಾನವೇ ನಮಗೆ ಸಾಕು. ಗ್ರಾದಿಮಿರ್ ಒಬ್ಬನೇ ತನ್ನ ತಾಯಿಯ ಸೈಕಲ್ಲನ್ನು ನಿಜವಾಗಿ ಮಡಚಲು ಹೋದ. ಕೀಲಿಗೆ ಎಣ್ಣೆ ಬಿಟ್ಟ, ಬಿಸಿನೀರು ಹುಯ್ದ, ಕೊನೆಗೆ ಸುತ್ತಿಗೆ ತಂದ. ಸೈಕಲ್ ಮಡಚಿಕೊಳ್ಳಲಿಲ್ಲ, ಎರಡು ತುಂಡಾಯಿತು.

ಗ್ರಾದಿಮಿರ್ ಪೇಟೆಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಐವತ್ತು ದಾಟಿದ ಒಂಟಿ ಮನುಷ್ಯ. ನಮ್ಮೂರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ನಗುತ್ತಾರೆ, ಆದರೆ ಅವನನ್ನು ನೋಡಿ ನಗುವವರು ಕಡಿಮೆ. ನಾನು ವೆರಿತ್ಸಾ, ಅದೇ ಪೇಟೆಯ ಡೇರಿಯಲ್ಲಿ ಮೊಸರಿನ ಡಬ್ಬಿಗಳಿಗೆ ಮುಚ್ಚಳ ಒತ್ತುವವಳು. ನಾವಿಬ್ಬರೂ ಹತ್ತುವುದು ಒಂದೇ ಬಸ್ಸು, ಯಾಕೆಂದರೆ ಬೆಳಿಗ್ಗೆ ಇರುವುದೇ ಅದೊಂದು. ಗ್ರಾದಿಮಿರ್ ಪ್ರತಿದಿನ ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುತ್ತಿದ್ದ. ಸೀಟು ಖಾಲಿ ಇದ್ದರೂ ಅದರ ಮೇಲೆ ಯಾರದಾದರೂ ಚೀಲ ಕೂತಿರುತ್ತಿತ್ತು. ಚೀಲ ತೆಗೆಯಿರಿ ಎನ್ನುವ ಬಾಯಿ ಅವನಿಗಿರಲಿಲ್ಲ, ನಾವಾಗಿ ತೆಗೆಯುವ ಬುದ್ಧಿ ನಮಗಿರಲಿಲ್ಲ.

ಹೀಗಿರುವಾಗ ಅವನು ಕೆಲಸ ಮಾಡುವ ಜಾಗ ಬಸ್ ನಿಲ್ದಾಣದ ಪಕ್ಕದಿಂದ ನದಿಯಾಚೆ, ಪೇಟೆಯ ಇನ್ನೊಂದು ತುದಿಗೆ ಎದ್ದುಹೋಯಿತು. ನಡೆದು ಹೋದರೆ ತಡ. ಹೀಗೇ ತಡವಾಗುತ್ತಿದ್ದರೆ ಮನೆಯಲ್ಲೇ ಇದ್ದುಬಿಡು ಎಂದ ಮಾಲೀಕ. ಬಸ್ಸಿಳಿದ ಮೇಲೆ ಸೈಕಲ್ ತುಳಿಯುವುದೊಂದೇ ದಾರಿ. ಆದರೆ ಟಿಹೋಮಿರನ ಬಸ್ಸಿಗೆ ಸೈಕಲ್ ಹತ್ತುವಂತಿಲ್ಲ.

ಟಿಹೋಮಿರ್ ನಮ್ಮ ಡ್ರೈವರ್. ಎಷ್ಟೋ ವರ್ಷದ ಹಿಂದೆ ಅವನ ಹೆಂಡತಿ ತವರಿನಿಂದ ತಂದ ಬಾತುಕೋಳಿ ಪುಕ್ಕದ ರಜಾಯಿ ಅದೇ ಬಸ್ಸಿನಲ್ಲಿ ಯಾರದೋ ಸೈಕಲ್ಲಿನ ಚೈನಿಗೆ ಒರಗಿ ಕಪ್ಪಾಗಿತ್ತು. ಹೆಂಡತಿ ಇವತ್ತಿಗೂ ಆ ಮಾತೆತ್ತುತ್ತಾಳೆ, ಟಿಹೋಮಿರ್ ಇವತ್ತಿಗೂ ಸೈಕಲ್ ಹತ್ತಿಸುವುದಿಲ್ಲ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾನೆ: 'ಸೈಕಲ್ ಇಲ್ಲ. ಕೇಳಬೇಡಿ.' ಅದೇ ಬಾಗಿಲಿನಿಂದ ಮೇಕೆ ಹತ್ತಿದ್ದನ್ನು ನಾನೇ ನೋಡಿದ್ದೇನೆ.

ಮಡಚಿ ಚೀಲದೊಳಗಿಟ್ಟರೆ ಅದು ಸೈಕಲ್ ಅಲ್ಲ, ಸಾಮಾನು ಎಂದು ಗ್ರಾದಿಮಿರ್ ಯೋಚಿಸಿದ. ತಾಯಿಯ ಸೈಕಲ್ ತುಂಡಾದದ್ದು ಅದಕ್ಕೇ, ಇನ್ನು ಹೊಸದನ್ನೇ ಕೊಳ್ಳಬೇಕು. ಆದರೂ ಪರೀಕ್ಷೆ ಮಾಡದೆ ಒಂದು ಸೂಜಿಯನ್ನೂ ಕೊಳ್ಳುವ ಜಾಯಮಾನ ಅವನದಲ್ಲ. ಮಡಚಿದ ಸೈಕಲ್ಲಿನಷ್ಟೇ ದೊಡ್ಡ ರಟ್ಟಿನ ಪೆಟ್ಟಿಗೆ ಹುಡುಕಿದ. ಅಷ್ಟೇ ಭಾರವಾಗುವಷ್ಟು ಬೀನ್ಸ್ ಕಾಳು ತುಂಬಿದ. ಹೊತ್ತು ಬಸ್ಸು ಹತ್ತಲಾಗುತ್ತದೋ, ಕಾಲ ನಡುವೆ ಹಿಡಿಯುತ್ತದೋ ಎಂದು ನೋಡಲು ಅದನ್ನು ದಿನವೂ ಪೇಟೆಗೆ ಹೊತ್ತು ತಂದು, ದಿನವೂ ಮನೆಗೆ ಹೊತ್ತು ಹೋದ. ಒಂದು ವಾರ ನೋಡಿದ ಮೇಲೆ ಟಿಹೋಮಿರ್ ಕನ್ನಡಿಯಲ್ಲಿ ಅವನನ್ನು ಹಿಡಿದ.

"ಏ ಹಲ್ಲಿನವನೇ, ಏನೋ ಅದು ಪೆಟ್ಟಿಗೇಲಿ? ದಿನಾ ತಗೊಂಡ್ ಹೋಗ್ತೀಯ, ದಿನಾ ವಾಪಸ್ ತರ್ತೀಯ."

ಬೀನ್ಸ್ ಕಾಳು ಎಂದರೆ ಬಸ್ಸೆಲ್ಲ ಇವನಿಗೆ ಹುಚ್ಚು ಹಿಡಿದಿದೆ ಅನ್ನುತ್ತದೆ. ಸೈಕಲ್ಲಿನ ಅಭ್ಯಾಸ ಎಂದರೆ ಕೆಲಸವೇ ಕೆಟ್ಟಿತು. ಗ್ರಾದಿಮಿರ್ ಬಾಯಿಗೆ ಬಂದದ್ದು ಹೇಳಿದ.

"ಅಕಾರ್ಡಿಯನ್."

ಎದೆಗೆ ತಗುಲಿಸಿಕೊಂಡು ಎಳೆದು ಒತ್ತಿ ನುಡಿಸುವ ಆ ವಾದ್ಯವಿಲ್ಲದೆ ನಮ್ಮಲ್ಲಿ ನಾಮಕರಣವೂ ಆಗದು, ಮದುವೆಯೂ ಆಗದು. ಬಸ್ಸು ನಿಧಾನವಾಯಿತು.

"ನುಡಿಸ್ತೀಯಾ?"

"ಸ್ವಲ್ಪ."

ಅಲ್ಲಿಗೆ ಕಥೆ ಮುಗಿಯಿತು. ಚೆನ್ನಾಗಿ ನುಡಿಸುತ್ತೇನೆ ಎನ್ನುವವನನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ, 'ಸ್ವಲ್ಪ' ಎನ್ನುವವನು ಉಸ್ತಾದ. ಟಿಹೋಮಿರ್ ತನ್ನ ಬೆನ್ನ ಹಿಂದಿನ ಸೀಟಿನತ್ತ ತಿರುಗಿ ಗದರಿದ: "ಯಾಗೋದಾ, ತೆಗಿಯೇ ಆ ಬುಟ್ಟೀನ. ಮೇಸ್ತ್ರಿಗಳು ಕೂತ್ಕೊಳ್ಳಲಿ." ವಾದ್ಯ ಬಲ್ಲವನನ್ನೂ ನಾವು ಮೇಸ್ತ್ರಿ ಎಂದೇ ಕರೆಯುವುದು.

ಮಾರುಕಟ್ಟೆಯಲ್ಲಿ ಮೊಟ್ಟೆ ಮಾರುವ ಯಾಗೋದಾ ಯಾರಿಗೂ ಜಾಗ ಬಿಟ್ಟವಳಲ್ಲ. ಅವತ್ತು ಮೊಟ್ಟೆಯ ಬುಟ್ಟಿಯನ್ನೇ ಮಡಿಲಿಗೆ ಎತ್ತಿಕೊಂಡಳು. ಗ್ರಾದಿಮಿರ್ ಬೀನ್ಸ್ ಕಾಳನ್ನು ತಬ್ಬಿಕೊಂಡು ಕೂತ. ಅವನ ಕಿವಿ ಕೆಂಪಾಗಿದ್ದವು.

ಇನ್ನು ಸೈಕಲ್ ಕೊಳ್ಳುವ ಕೆಲಸ. ಗಟ್ಟಿಯಾಗಿರಬೇಕು, ಹಗುರವಾಗಿರಬೇಕು ಎಂದೆಲ್ಲ ಯೋಚಿಸಿದ್ದ ಮನುಷ್ಯನಿಗೆ ಈಗ ಬೇಕಾದದ್ದು ಒಂದೇ. ಅವನೊಡನೆ ನೋವಿ ಸಾದ್ ನಗರದ ಸೈಕಲ್ ಅಂಗಡಿಗೆ ನಾನೂ ಹೋಗಿದ್ದೆ, ನನಗೆ ಅಲ್ಲಿ ಚಪ್ಪಲಿ ಕೊಳ್ಳುವುದಿತ್ತು.

"ಎಲ್ಲೆಲ್ಲಿ ಓಡಿಸ್ತೀರಾ?" ಎಂದ ಅಂಗಡಿಯವನು.

"ದಿನಾ ಕೆಲಸಕ್ಕೆ. ಬೇಸಿಗೇಲಿ ರೈಲಲ್ಲಿ ಹಾಕ್ಕೊಂಡು ತಂಗಿ ಮನೆಗೆ."

ಅಂಗಡಿಯವನು ಒಂದು ಹಸಿರು ಸೈಕಲ್ ಕೊಟ್ಟ. ಚಕ್ರ ಕೊಂಚ ದೊಡ್ಡವು, ಗೇರು ಇತ್ತು. ಗ್ರಾದಿಮಿರ್ ಹಿತ್ತಲಿನಲ್ಲಿ ಒಂದು ಸುತ್ತು ಹೊಡೆದ, ಎರಡು ಹೊಡೆದ, ಇಳಿಯಲೇ ಇಲ್ಲ. ಅವನಿಗೆ ಹಲ್ಲು ಬಿಟ್ಟು ನಗಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಆಮೇಲೆ ಅದನ್ನು ಮಡಚಿ ಚೀಲಕ್ಕೆ ಹಾಕಿದರು. ಚೀಲದೊಳಗೆ ಕರು ಮಲಗಿದ ಹಾಗಿತ್ತು.

"ಇದಲ್ಲ. ಮಡಚಿದ್ರೆ ಅಕಾರ್ಡಿಯನ್ ಥರ ಕಾಣೋದು ಯಾವುದಿದೆ?"

ಅಂಗಡಿಯವನ ಹುಬ್ಬು ಕೂಡ ಅಲುಗಲಿಲ್ಲ. "ದೊಡ್ಡೋರ ಅಕಾರ್ಡಿಯನ್ನೋ, ಮಕ್ಕಳದೋ?"

"ದೊಡ್ಡೋರದು."

ಒಳಗಿನಿಂದ ಪುಟ್ಟ ಚಕ್ರದ ಒಂದು ಸೈಕಲ್ ಬಂತು. ಗೇರಿಲ್ಲ. ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು. ಆದರೆ ಮಡಚಿ ಚೀಲಕ್ಕಿಟ್ಟರೆ ಯಾವ ಉಸ್ತಾದನೂ ಮೋಸಹೋಗಬೇಕು. ಗ್ರಾದಿಮಿರ್ ಹಸಿರು ಸೈಕಲ್ಲನ್ನು ಇನ್ನೊಮ್ಮೆ ನೋಡಿ ಪುಟ್ಟದಕ್ಕೇ ದುಡ್ಡು ಕೊಟ್ಟ.

ಅಲ್ಲಿಂದ ಮುಂದೆ ಅವನ ದಿನಚರಿ ಹೀಗೆ. ಬಸ್ಸಿನಲ್ಲಿ ಮೇಸ್ತ್ರಿ, ಇಳಿದು ನಿಲ್ದಾಣದ ಗೋಡೆಯ ಹಿಂದೆ ಹೋಗಿ ಚೀಲ ಬಿಚ್ಚಿದರೆ ಸೈಕಲ್ ಸವಾರ. ಯಾಗೋದಾ ತಾನು ತಿನ್ನುವ ಚೀಸ್ ತುಂಬಿದ ಬುರೆಕ್ ರೊಟ್ಟಿಯನ್ನು ಮುರಿದು ಕೊಡುವಳು. ಬಸ್ಸಿನ ರೇಡಿಯೋದಲ್ಲಿ ಯಾರಾದರೂ ನುಡಿಸಿದರೆ ಎಲ್ಲರೂ ಇವನ ಮುಖ ನೋಡುವರು. ಗ್ರಾದಿಮಿರ್ ಕಣ್ಣು ಮುಚ್ಚಿ ಕೇಳಿ, "ಬಲಗೈ ಪರವಾಗಿಲ್ಲ, ಎಡಗೈಗೆ ಅವಸರ" ಎನ್ನುವನು. ಈ ಒಂದು ಮಾತಿನಲ್ಲೇ ತಿಂಗಳುಗಟ್ಟಲೆ ಕಾಲ ಹಾಕಿದ.

"ಒಂದ್ಸಲ ನುಡಿಸಿ ಮೇಸ್ತ್ರಿ, ದಾರಿ ಸಾಗಲಿ" ಎಂದು ಟಿಹೋಮಿರ್ ಕೇಳದ ದಿನವಿಲ್ಲ. ಒಂದು ದಿನ ತಾಳಲಾರದೆ ಗ್ರಾದಿಮಿರ್ ತನ್ನ ಚಿಕ್ಕಮ್ಮನನ್ನು ಸಾಯಿಸಿದ. ಸೂತಕದ ಮನೆಯವರು ನಮ್ಮಲ್ಲಿ ವರ್ಷ ತುಂಬುವ ತನಕ ವಾದ್ಯ ಮುಟ್ಟುವುದಿಲ್ಲ. ಇಡೀ ಬಸ್ಸು ಅವನ ಕೈ ಹಿಡಿದು ಸಂತಾಪ ಹೇಳಿತು. ಚಿಕ್ಕಮ್ಮ ಆಗ ಪಾನ್ಚೆವೊದಲ್ಲಿ ಗಟ್ಟಿಮುಟ್ಟಾಗಿ ಮೆಣಸಿನಕಾಯಿ ಸುಡುತ್ತ ಕೂತಿದ್ದಳು.

ಆದರೆ ಟಿಹೋಮಿರ್ ಆ ವರ್ಷವನ್ನು ಮರೆಯಲಿಲ್ಲ. ಮರು ಬೇಸಿಗೆಯ ಒಂದು ಬೆಳಿಗ್ಗೆ ಬಸ್ಸು ನಿಲ್ಲಿಸಿ, ಎದ್ದು, ಟೋಪಿ ತೆಗೆದು ನಿಂತ.

"ಮೇಸ್ತ್ರಿ, ನಮ್ಮ ನೆವೆನಾ ಮದುವೆ. ನಿಮ್ಮ ಸೂತಕ ಮುಗಿಯೋ ಶನಿವಾರಾನೇ ನೋಡಿ ಇಟ್ಟಿದೀನಿ. ಛತ್ರದಲ್ಲಿ ಗಂಡಿನ ಕಡೆಯೋರ ಬ್ಯಾಂಡು ಇರತ್ತೆ. ಆದ್ರೆ ನನ್ನ ಮಗಳು ಹೊಸಲು ದಾಟಿ ಬರುವಾಗ ನೀವೇ ನುಡಿಸ್ಬೇಕು."

ಗ್ರಾದಿಮಿರ್ ಏನಂದನೋ ಕೇಳಿಸಲಿಲ್ಲ. ಬಸ್ಸು ಚಪ್ಪಾಳೆ ತಟ್ಟುತ್ತಿತ್ತು.

ಶುಕ್ರವಾರ ಸಂಜೆ ಅವನು ನಮ್ಮನೆ ಬೇಲಿಯ ಹತ್ತಿರ ಬಂದು ನಿಂತ. ಮುಖ ಸುಣ್ಣವಾಗಿತ್ತು.

"ವೆರಿತ್ಸಾ, ಹೊಟ್ಟೆನೋವು ಅಂತ ಮಲಗಿಬಿಡ್ಲಾ?"

"ಸೂಪು ಹಿಡ್ಕೊಂಡು ಇಡೀ ಬಸ್ಸು ನಿನ್ನ ಮನೆಗೆ ಬರತ್ತೆ. ನಾಳೆ ಹೇಳಿಬಿಡು, ಮುಗೀತು."

"ಹೇಳ್ಬೇಕು. ಹೆಣ್ಣುಮಗು ಹೊಸಲ ಮೇಲೆ ಕಾಯ್ತಾ ನಿಲ್ಲೋ ಹಾಗೆ ಮಾಡಕ್ಕಾಗಲ್ಲ." ಸ್ವಲ್ಪ ಹೊತ್ತು ಬೇಲಿಯ ಮೊಳೆ ಕೆರೆದ. "ಟಿಹೋಮಿರ್ ಇನ್ಮೇಲೆ ನನ್ನ ಹತ್ತಿಸಲ್ಲ. ಕೆಲಸ ಹೋಗತ್ತೆ. ಹೋಗ್ಲಿ, ಹಲ್ಲು ಎಲ್ಲಾದ್ರೂ ಮಾಡಬಹುದು. ಆ ಸೀಟು ಇದೆಯಲ್ಲ... ನಾನು ಬರೋ ಮುಂಚೆ ಯಾರಾದ್ರೂ ಅದನ್ನ ನನಗೆ ಅಂತ ಇಟ್ಕೊಂಡಿರ್ತಾರೆ. ನನಗೆ ಅಂತ ಯಾರೂ ಏನೂ ಇಟ್ಟಿರಲಿಲ್ಲ ಕಣೆ."

ನನಗೆ ಅಳು ಬಂತು. ಅಳುವುದು ನನಗೆ ಆಗದ ಕೆಲಸ, ಅದಕ್ಕೇ ಅವನಿಗೆ ಬೈದು ಮನೆಗೆ ಕಳಿಸಿದೆ.

ಮಾರನೆಯ ದಿನ ಟಿಹೋಮಿರನ ಅಂಗಳದಲ್ಲಿ ನಮ್ಮ ಬಸ್ಸಿನವರೆಲ್ಲ ಸೇರಿದ್ದರು. ಬಸ್ಸೂ ಇತ್ತು, ಕನ್ನಡಿಗೆ ಮದುವೆಯ ಟವೆಲ್ಲು ಕಟ್ಟಿಕೊಂಡು. ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಒಂದು ಸುತ್ತು ಆಗಿತ್ತು. ಬಾಗಿಲು ತೆರೆದು ನೆವೆನಾ ಬಿಳಿಯ ಉಡುಪಿನಲ್ಲಿ ಹೊಸಲು ದಾಟಿದಳು. ದಾಟಿದ ಮದುಮಗಳು ಹಿಂದಕ್ಕೆ ನೋಡುವಂತಿಲ್ಲ, ಒಳಕ್ಕೆ ಹೋಗುವಂತಿಲ್ಲ, ವಾದ್ಯ ಶುರುವಾಗದೆ ಮುಂದಕ್ಕೂ ಹೆಜ್ಜೆ ಇಡುವಂತಿಲ್ಲ. ಎಲ್ಲರೂ ಗ್ರಾದಿಮಿರನ ಕಡೆ ತಿರುಗಿದರು.

ಅವನು ಚೀಲದ ಜಿಪ್ಪು ಎಳೆದ. ಹ್ಯಾಂಡಲ್ ಎತ್ತಿದ, ಚಕ್ರ ಬಿಡಿಸಿದ, ಕೀಲು ಬಿಗಿದ. ಇಡೀ ಅಂಗಳದ ನಡುವೆ ಸೈಕಲ್ ನಿಂತಿತು.

"ಟಿಹೋಮಿರ್, ಇದು ಸೈಕಲ್" ಎಂದ. "ಮೊದಲಿಂದ್ಲೂ ಸೈಕಲ್ಲೇ. ಚಿಕ್ಕಮ್ಮನೂ ಬದುಕಿದಾಳೆ. ತಪ್ಪಾಯ್ತು."

ಟಿಹೋಮಿರ್ ಹತ್ತಿರ ಬಂದು ಬಗ್ಗಿದ. ಚೈನನ್ನು ನೋಡಿದ, ಮಗಳ ಬಿಳಿಯ ಉಡುಪನ್ನು ನೋಡಿದ, ಮತ್ತೆ ಚೈನನ್ನು ನೋಡಿದ. ಹಿಂದೆ ಅವನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಎಣ್ಣೆ ಹಾಕಿದೀರಾ?"

"ಇಲ್ಲ. ರಾತ್ರಿ ಪೂರ್ತಿ ಒರೆಸಿದೀನಿ."

"ಮತ್ತೇನು ನೋಡ್ತಿದೀರಾ? ಮಗು ನಿಂತಿದೆ. ನುಡಿಸಿ, ಮೇಸ್ತ್ರಿ."

ಗ್ರಾದಿಮಿರನಿಗೆ ಅರ್ಥವಾಗಲಿಲ್ಲ. ಯಾಗೋದಾ ಕೂಗಿದಳು: "ದಿನಾ ಸೇತುವೆ ಮೇಲೆ ಬಾರಿಸ್ತೀಯಲ್ಲ, ಅದನ್ನೇ ಬಾರಿಸೋ!"

ಅವನು ಗಂಟೆ ಒತ್ತಿದ. ಟ್ರಿಣ್. ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿದ, ಟಿಕಟಿಕಟಿಕ. ಟ್ರಿಣ್. ಅಷ್ಟು ಸಾಕಾಯಿತು. ಹೆಂಗಸರು ಹೆಣ್ಣೊಪ್ಪಿಸುವ ಹಾಡು ಎತ್ತಿದರು, ಗಂಡಸರು ಕೂಡಿಕೊಂಡರು, ನೆವೆನಾ ನಗುತ್ತ ಮುಂದಕ್ಕೆ ಹೆಜ್ಜೆ ಇಟ್ಟಳು. ಹಾಡು ಒಂದು ಕಡೆ, ಗಂಟೆ ಒಂದು ಕಡೆ ಹೋಗುತ್ತಿತ್ತು. ಗ್ರಾದಿಮಿರನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಮಾತ್ರ ಗಂಟೆ ಬಿಟ್ಟಿರಲಿಲ್ಲ.

ಒಳ್ಳೆಯ ವಾದ್ಯಗಾರನ ಅಕಾರ್ಡಿಯನ್ನಿನ ಮಡಿಕೆಗಳಲ್ಲಿ ನೋಟು ಸಿಗಿಸುವುದು ನಮ್ಮ ಪದ್ಧತಿ. ಮೊದಲ ನೋಟನ್ನು ಟಿಹೋಮಿರನೇ ತಂದ. ಮಡಿಕೆ ಎಲ್ಲಿ ಎಂದು ಹುಡುಕಿ, ಸಿಗದೆ, ಚಕ್ರದ ಕಡ್ಡಿಗಳ ನಡುವೆ ಸಿಗಿಸಿದ. ಹಿಂದೆಯೇ ಎಲ್ಲರೂ ಬಂದರು. ನನ್ನ ಪಕ್ಕದಲ್ಲಿದ್ದ ಯಾಗೋದಾಳನ್ನು ಕೇಳಿದೆ, "ನಿಂಗೂ ಗೊತ್ತಿತ್ತಾ?"

"ಯಾರಿಗೆ ಗೊತ್ತಿರಲಿಲ್ಲ? ಡಿಪೋಗೆ ಹೋಗೋವಾಗ ದಿನಾ ಸೇತುವೆ ಮೇಲೆ ಟಿಹೋಮಿರನೇ ಅವನಿಗೆ ಹಿಂದಿನಿಂದ ಹಾರ್ನ್ ಹೊಡೀತಿದ್ದನಂತೆ, ಈಗ ಹೇಳ್ತಿದಾರೆ. ನಾನೊಬ್ಬಳೇ ನೋಡಿರೋದು ಅಂದ್ಕೊಂಡಿದ್ದೆ, ಅದಕ್ಕೇ ಸುಮ್ಮನಿದ್ದೆ."

ಸೋಮವಾರ ಬೆಳಿಗ್ಗೆ ಗ್ರಾದಿಮಿರ್ ಸ್ಟಾಪಿಗೆ ಸೈಕಲ್ ತುಳಿದುಕೊಂಡೇ ಬಂದ. ಇನ್ನು ಮುಚ್ಚಿಡಲು ಏನಿದೆ? ಬಸ್ಸು ನಿಂತಿತು. ಅವನು ಸೈಕಲ್ಲನ್ನು ಎತ್ತಿ ಮೆಟ್ಟಿಲ ಮೇಲಿಡಲು ಹೋದ. ಬಾಗಿಲು ಮುಖಕ್ಕೇ ಮುಚ್ಚಿಕೊಂಡಿತು. ಗಾಜಿನ ಹಿಂದಿನಿಂದ ಟಿಹೋಮಿರ್ ಬಾಗಿಲ ಮೇಲಿನ ಬರಹದತ್ತ ಬೆರಳು ತೋರಿಸಿದ.

ಗ್ರಾದಿಮಿರ್ ಪೆಚ್ಚಾಗಿ ನಿಂತ. ಬಸ್ಸೂ ಹೊರಡದೆ ನಿಂತೇ ಇತ್ತು. ಕೊನೆಗೆ ಅವನು ಬಗ್ಗಿ ಸೈಕಲ್ ಮಡಚಿದ, ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಬಾಗಿಲು ತೆರೆಯಿತು.

"ಏನದು ಚೀಲದಲ್ಲಿ?"

"ಅಕಾರ್ಡಿಯನ್."

"ನುಡಿಸ್ತೀರಾ?"

"ಸ್ವಲ್ಪ."

"ಹತ್ತಿ, ಮೇಸ್ತ್ರಿ" ಎಂದ ಟಿಹೋಮಿರ್. ಯಾಗೋದಾ ಆಗಲೇ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡಿದ್ದಳು.